ಧರ್ಮ ಇಲ್ಲದವರಿಗೆ ಕೊಡಗಿನಲ್ಲಿ ಯಾವ ಹಬ್ಬ?

ಕಾಫಿಹೂವು (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದ ವಿಷಯ ಇದು. ಸ್ವಲ್ಪ ಉದ್ದವಾಗುತ್ತದೆ.

ನನಗೆ ಧರ್ಮ ಇಲ್ಲ. ನಡುವೆ ಬಿಟ್ಟದ್ದಲ್ಲ, ಹುಟ್ಟಿನಿಂದಲೇ ಇರಲಿಲ್ಲ. ಅಪ್ಪ ಕೊಡವರು. ಅಮ್ಮ ಕೇರಳದ ಕ್ರೈಸ್ತ ಮನೆಯವರು. ರಿಜಿಸ್ಟರ್ ಮದುವೆ. ಇಬ್ಬರಿಗೂ ದೇವರ ಮೇಲೆ ನಂಬಿಕೆ ಇರಲಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ನೆಲ್ಲಕ್ಕಿ ನಡುಬಾಡೆಯ (ಕೊಡವರ ಮನೆಯ ನಡುಕೋಣೆಯ) ದೀಪವೂ ಇರಲಿಲ್ಲ, ಶಿಲುಬೆಯೂ ಇರಲಿಲ್ಲ. ಪುಸ್ತಕ ಇದ್ದವು, ಎರಡು ನಾಯಿ ಇದ್ದವು, ರಾತ್ರಿ ಊಟದ ಹೊತ್ತಿಗೆ ಒಳ್ಳೆಯ ಜಗಳ ಇರುತ್ತಿತ್ತು. ದೇವರು ಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಈಗಲೂ ಅನಿಸುವುದಿಲ್ಲ.

ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷ ನಡೆಯುವುದೇ ಹಬ್ಬದಿಂದ ಹಬ್ಬಕ್ಕೆ. ಸೆಪ್ಟೆಂಬರ್ 3 ಬಂದರೆ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್. ಅಕ್ಟೋಬರ್ ನಡುವಿನಲ್ಲಿ ತುಲಾ ಸಂಕ್ರಮಣ, ಊರಿಗೆ ಊರೇ ತಲಕಾವೇರಿ ಕಡೆ ಮುಖ ಮಾಡುತ್ತದೆ. ಮಡಿಕೇರಿ ದಸರಾ. ಗದ್ದೆ ಹಣ್ಣಾದರೆ ಸುಗ್ಗಿಯ ಹಬ್ಬ ಪುತ್ತರಿ. ಎಮ್ಮೆಮಾಡಿನ ಉರೂಸ್, ವಿರಾಜಪೇಟೆ ಚರ್ಚಿನ ಜಾತ್ರೆ. ನಾನು ಕೆಲಸ ಮಾಡುವ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರು ಯಾವಾಗ ರಜೆ, ಯಾರು ಏನು ಡಬ್ಬಿ ತರುತ್ತಾರೆ, ಎಲ್ಲ ಇದರ ಮೇಲೆಯೇ. "ನಿಮ್ಮದು ಯಾವ ಹಬ್ಬ ಟೀಚರ್?" ಅಂತ ಕೇಳುತ್ತಾರೆ. ಯಾವುದೂ ಇಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಯಾರೂ ಕೆಟ್ಟವರಲ್ಲ. ನನ್ನನ್ನು ಯಾವ ಸಾಲಿನಲ್ಲಿ ಕೂರಿಸುವುದು ಅಂತ ಅವರಿಗೆ ತಿಳಿಯುವುದಿಲ್ಲ, ಅಷ್ಟೆ.

ಪುತ್ತರಿ ರಾತ್ರಿ ಕದಿರು ಕೊಯ್ಯುವಾಗ ಸುತ್ತ ಗುಡ್ಡಗಳಲ್ಲೆಲ್ಲ ಗುಂಡು ಹಾರುತ್ತದೆ. ಹೋದ ಸಲ ಮಗಳು ಕಿಟಕಿ ಹತ್ತಿರ ನಿಂತು, "ನಮ್ಮ ಗದ್ದೆ ಯಾವುದಮ್ಮಾ?" ಅಂದಳು. ಗದ್ದೆ ಇಲ್ಲ, ಅಪ್ಪನ ಕುಲದ ಮೂಲ ಮನೆ, ಐನ್‌ಮನೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ. ನಾಲ್ಕನೇ ಕ್ಲಾಸಿನ ಮಗುವಿಗೆ ಇದನ್ನೆಲ್ಲ ಹೇಗೆ ಹೇಳುವುದು?

ಎಲ್ಲಕ್ಕಿಂತ ಜಾಸ್ತಿ ನೋವಾದದ್ದು ಅಪ್ಪ ತೀರಿಕೊಂಡಾಗ. ಅಪ್ಪ ಕ್ರಿಯೆ ಏನೂ ಬೇಡ ಅಂದಿದ್ದರು, ನಾವೂ ಮಾಡಲಿಲ್ಲ. ದಹನದ ದಿನ ಜನ ಬಂದರು. ಆಮೇಲೆ ಯಾರೂ ಬರಲಿಲ್ಲ. ಬೇರೆ ಮನೆಯಲ್ಲಾದರೆ ಮಾದ (ಉತ್ತರಕ್ರಿಯೆ) ಯಾವತ್ತು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆ ದಿನ ಬರುತ್ತಾರೆ, ಉಣ್ಣುತ್ತಾರೆ, ಸತ್ತವರ ಬಗ್ಗೆ ನಾಲ್ಕು ಮಾತು ಆಡುತ್ತಾರೆ. ನಮ್ಮ ಮನೆಗೆ ಯಾವತ್ತು ಬರಬೇಕು ಅಂತ ಜನಕ್ಕೆ ಗೊತ್ತಾಗಲಿಲ್ಲ. ನಾನೂ ಅಮ್ಮನೂ ಕಾಫಿ ಮಾಡಿಟ್ಟುಕೊಂಡು ಕೂತಿದ್ದೆವು.

ಇಲ್ಲಿ ನನ್ನಂಥವರು ಇದ್ದೀರಾ? ಹೇಗೆ ನಿಭಾಯಿಸುತ್ತೀರಿ? ಮಕ್ಕಳಿಗೆ ಏನು ಹೇಳುತ್ತೀರಿ?

ಪ್ರಶ್ನೆಗಾರ (ಮಡಿಕೇರಿ)

ನಿಮ್ಮ ತಂದೆ ತಾಯಿಗೆ ನನ್ನ ನಮಸ್ಕಾರ. ನಾನು ಕಾಲೇಜಿನ ಕಾಲದಲ್ಲಿ ಎಚ್. ನರಸಿಂಹಯ್ಯನವರ ಮಾತು ಕೇಳಿ ಬೆಳೆದವನು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದ ಮನುಷ್ಯ ಅವರು. ಖಾದಿ ಉಟ್ಟು, ಹಾಸ್ಟೆಲ್ ಕೋಣೆಯಲ್ಲಿ ಬದುಕಿದರು. ಪ್ರಶ್ನೆ ಕೇಳುವುದನ್ನು ಯಾರಿಗೂ ಹೆದರಿ ಬಿಡಲಿಲ್ಲ.

ನನಗೆ ಅರ್ಥವಾಗದ್ದು ಒಂದೇ. ನಿಮಗೆ ಸಿಕ್ಕಿರುವ ಸ್ವಾತಂತ್ರ್ಯಕ್ಕಾಗಿ ನಾವು ಮನೆಯಲ್ಲಿ ವರ್ಷಗಟ್ಟಲೆ ಜಗಳ ಆಡಿದ್ದೇವೆ. ನೀವು ಅದನ್ನು ಕೊರತೆ ಅಂತ ಯಾಕೆ ನೋಡುತ್ತೀರಿ? ಹಬ್ಬ ಅಂದರೆ ಯಾರು ಒಳಗೆ, ಯಾರು ಹೊರಗೆ ಅಂತ ಗೆರೆ ಎಳೆಯುವುದು. ಆ ಗೆರೆ ನಿಮ್ಮ ಮನೆಯಲ್ಲಿ ಇಲ್ಲ. ಮಗಳಿಗೆ ಅದನ್ನೇ ಹೇಳಿ. ಆಕಾಶ ತೋರಿಸಿ, ನಕ್ಷತ್ರ ತೋರಿಸಿ, ಪುಸ್ತಕ ಕೊಡಿ. ಸಾಕು.

ಕಾಫಿಹೂವು (ಗೋಣಿಕೊಪ್ಪ)

@ಪ್ರಶ್ನೆಗಾರ, ನಕ್ಷತ್ರ ತೋರಿಸುತ್ತೇನೆ ಸರ್, ಪುಸ್ತಕವೂ ಇದೆ. ಅವಳು ಕೇಳಿದ್ದು ಅದನ್ನಲ್ಲ. ಪಕ್ಕದ ಮನೆಯ ಮಕ್ಕಳೆಲ್ಲ ಅಜ್ಜಿ, ಚಿಕ್ಕಪ್ಪ, ಅತ್ತೆ ಅಂತ ಅಷ್ಟು ಜನದ ಜೊತೆ ಗದ್ದೆಗೆ ಹೋಗುತ್ತಾರೆ, ನಾವು ಯಾರ ಜೊತೆ ಹೋಗುವುದು ಅಂತ ಕೇಳಿದಳು. ನಂಬಿಕೆ ಇಲ್ಲದ್ದು ನನಗೆ ಕೊರತೆ ಅಲ್ಲ. ಜನ ಇಲ್ಲದ್ದು ಕೊರತೆ.

ಜೇನುಗೂಡು (ಕಕ್ಕಬ್ಬೆ)

ಮಗಾ, ನಾನು ನಂಬುವವಳು. ಪಾಡಿ ಇಗ್ಗುತ್ತಪ್ಪನ ದೇವಸ್ಥಾನಕ್ಕೆ ಕಾಲುನಡಿಗೆಯ ದೂರದಲ್ಲಿ ಹುಟ್ಟಿ ಬೆಳೆದೆ. ಪುತ್ತರಿಗೆ ನೆರೆ (ಎಲೆಗಳ ಕಟ್ಟು) ಯಾವಾಗ ಕಟ್ಟಬೇಕು, ಕದಿರು ಯಾವಾಗ ತೆಗೆಯಬೇಕು ಅಂತ ಹೊತ್ತು ಗೊತ್ತು ಮಾಡುವುದು ಅಲ್ಲೇ. ಆದರೂ ನಿನ್ನ ಮಾತು ಓದಿ ಎದೆ ಭಾರವಾಯಿತು. ಅಪ್ಪ ಹೋದಮೇಲೆ ಕಾಫಿ ಮಾಡಿಟ್ಟುಕೊಂಡು ಕೂತಿದ್ದೆವು ಅಂದೆಯಲ್ಲ, ಅದು ಯಾವ ಮನೆಗೂ ಬೇಡ.

ಒಂದು ಮಾತು ಹೇಳುತ್ತೇನೆ. ಕೊಡವರ ಮದುವೆಯಲ್ಲಿ ಪುರೋಹಿತರು ಬೇಕಾಗಿಲ್ಲ. ಹಿರಿಯರು ಅಕ್ಕಿ ಹಾಕಿ ಹರಸಿದರೆ ಮದುವೆ ಆಯಿತು. ನಮ್ಮ ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ, ಇರುವುದು ನಮ್ಮ ಒಕ್ಕದ (ಕುಲದ) ಮೂಲ ಹಿರಿಯ, ಕಾರಣ. ಅವನಿಗೆ ಕೊಡುವುದೂ ನಾವು ತಿನ್ನುವುದನ್ನೇ, ಕುಡಿಯುವುದನ್ನೇ. ಹಾಗೆ ನೋಡಿದರೆ ನಮ್ಮದರಲ್ಲಿ ದೇವರಿಗಿಂತ ಅಜ್ಜಂದಿರೇ ಜಾಸ್ತಿ. ಅಜ್ಜ ಇದ್ದ ಅಂತ ನಂಬಲು ನಿನಗೆ ಕಷ್ಟ ಇಲ್ಲ, ಅಲ್ವಾ?

ಆದರೆ ಸುಳ್ಳು ಸಮಾಧಾನ ಹೇಳುವುದಿಲ್ಲ. ಐನ್‌ಮನೆಯ ನಡುಬಾಡೆಯಲ್ಲಿ ದೀಪದ ಮುಂದೆ ಎಲ್ಲರೂ ಬಗ್ಗುವಾಗ ಒಬ್ಬರು ಸುಮ್ನೆ ನಿಂತರೆ ಕಣ್ಣಿಗೆ ಬೀಳುತ್ತದೆ. ಕೆಲವರು ಬಾಯಿ ಬಿಟ್ಟು ಕೇಳುತ್ತಾರೆ. ಅಮ್ಮ ಬೇರೆ ಕಡೆಯವರು ಅನ್ನುವುದನ್ನೂ ಕೆಲವರು ಎತ್ತುತ್ತಾರೆ. ಎಲ್ಲ ಒಕ್ಕಗಳ ಮನಸ್ಸೂ ಒಂದೇ ತರ ಇಲ್ಲ. ನಿಮ್ಮ ಒಕ್ಕದ ಪಟ್ಟೇದಾರರ (ಯಜಮಾನರ) ಹತ್ತಿರ ಯಾರಾದರೂ ಮಾತಾಡಿದ್ದಾರಾ? ಕರೆಯಲಿಲ್ಲ ಅಂತ ನೀವು ದೂರ, ಬರಲಿಲ್ಲ ಅಂತ ಅವರು ದೂರ, ಹೀಗೆ ಎರಡು ತಲೆಮಾರು ಕಳೆದ ಮನೆಗಳನ್ನು ನಾನು ನೋಡಿದ್ದೇನೆ.

ಅದು ಆಗುವವರೆಗೆ ಈ ಪುತ್ತರಿಗೆ ನಮ್ಮ ಮನೆಗೆ ಬಾ. ಮಗಳನ್ನೂ ಕರೆದುಕೊಂಡು ಬಾ. ಕೈ ಮುಗಿಯುವುದು ಬಿಡುವುದು ನಿನ್ನಿಷ್ಟ.

ಹೆಸರು_ಬೇಡ

ಕಾಫಿಹೂವು ಅಕ್ಕನಿಗೆ ಇನ್ನೊಂದು ಬದಿ ಹೇಳಬೇಕು ಅನಿಸಿತು. ಊರು ಹೇಳುವುದಿಲ್ಲ. ವಿರಾಜಪೇಟೆ ತಾಲ್ಲೂಕಿನ ಮುಸ್ಲಿಂ ಮನೆಯವಳು.

ನನ್ನ ಒಳಗೆ ನಂಬಿಕೆ ಹೋಗಿ ಬಹಳ ಕಾಲವಾಯಿತು. ಯಾರಿಗೂ ಹೇಳಿಲ್ಲ. ರಂಜಾನ್ ಉಪವಾಸ ಇರುತ್ತೇನೆ, ಇಫ್ತಾರ್‌ಗೆ ಅಡುಗೆ ಮಾಡುತ್ತೇನೆ, ಪೆರ್ನಾಳ್‌ಗೆ (ಈದ್‌ಗೆ) ಹೊಸ ಬಟ್ಟೆ ಹಾಕುತ್ತೇನೆ. ಹೊರಗಿನಿಂದ ನೋಡಿದರೆ ನನಗೆ ಎಲ್ಲ ಇದೆ. ಮನೆ ತುಂಬ ಜನ. ನೀವು ಕಿಟಕಿ ಹೊರಗೆ ನೋಡುತ್ತಾ ಅನುಭವಿಸುವುದನ್ನು ನಾನು ಊಟದ ಹಾಸಿನ ಮೇಲೆ, ಎಲ್ಲರ ನಡುವೆ ಕೂತು ಅನುಭವಿಸುತ್ತೇನೆ. ಅಮ್ಮ ನನಗಾಗಿ ದುಆ ಮಾಡುವಾಗ ನಾನೂ ಕೈ ಎತ್ತುತ್ತೇನೆ. ಆ ಹೊತ್ತಿನಲ್ಲಿ ಅಮ್ಮನಿಗೆ ನಾನು ಯಾರು ಅಂತಲೇ ಗೊತ್ತಿಲ್ಲ ಅನ್ನುವುದು ಚುಚ್ಚುತ್ತದೆ.

ಹೇಳಿಬಿಡು ಅಂತ ಯಾರೂ ಸಲಹೆ ಕೊಡಬೇಡಿ, ದಯವಿಟ್ಟು. ಹೇಳಿದರೆ ನನ್ನೊಬ್ಬಳಿಗೆ ಮುಗಿಯುವುದಿಲ್ಲ. ತಂಗಿಯ ಮದುವೆ ಇದೆ, ಅಪ್ಪನಿಗೆ ಜಮಾತ್‌ನಲ್ಲಿ ಒಂದು ಹೆಸರಿದೆ. ನಾನು ಅವರನ್ನು ಪ್ರೀತಿಸುತ್ತೇನೆ. ಅಕ್ಕ, ನಿಮಗೆ ನಿಮ್ಮ ಮನೆಯೊಳಗೆ ಸತ್ಯ ಮಾತಾಡಲು ಆಗುತ್ತದೆ. ಅದರ ಬೆಲೆ ದೊಡ್ಡದು. ಇಷ್ಟು ಬರೆದದ್ದಕ್ಕೇ ನನಗೆ ಕೈ ನಡುಗುತ್ತಿದೆ.

ಕಾಫಿಹೂವು (ಗೋಣಿಕೊಪ್ಪ)

@ಹೆಸರು_ಬೇಡ, ನಿಮ್ಮ ಬರಹ ಓದಿ ಸುಮಾರು ಹೊತ್ತು ಸುಮ್ನೆ ಕೂತೆ. ಸಲಹೆ ಏನೂ ಕೊಡುವುದಿಲ್ಲ. ನೀವು ಬರೆದದ್ದು ಒಳ್ಳೆಯದಾಯಿತು. ಇಲ್ಲಿ ಇರಿ.

ನೆಲದಮಗ (ಪೊನ್ನಂಪೇಟೆ)

ಕಟುವಾಗಿ ಹೇಳುತ್ತೇನೆ, ಬೇಜಾರು ಬೇಡ. ದೇವರು ಬೇಡ, ಕಟ್ಟುಪಾಡು ಬೇಡ, ಆದರೆ ಹಬ್ಬದ ಸಂತೋಷ ಬೇಕು ಅಂದರೆ ಹೇಗೆ? ಕೊಡವರ ಜನಸಂಖ್ಯೆ ಮೊದಲೇ ಕಡಿಮೆ. ಆಚಾರ ಉಳಿಸಲು ನಾವು ಒದ್ದಾಡುತ್ತಿದ್ದೇವೆ. ನಗರಕ್ಕೆ ಹೋದ ಹುಡುಗರಿಗೆ ಕುಪ್ಯಚೇಲೆ ಉಡಲು ಬರುವುದಿಲ್ಲ, ಕೊಡವ ತಕ್ಕ್ ಮಾತಾಡಲು ಬರುವುದಿಲ್ಲ. ಇದರ ನಡುವೆ ನಂಬಿಕೆ ಇಲ್ಲದವರೂ ಬಂದು ಕದಿರು ಕೊಯ್ದರೆ ಅದು ಪುತ್ತರಿ ಆಗುವುದಿಲ್ಲ, ಪಿಕ್ನಿಕ್ ಆಗುತ್ತದೆ.

ಜೇನುಗೂಡು (ಕಕ್ಕಬ್ಬೆ)

@ನೆಲದಮಗ, ಕಮ್ಮಿ ಇದ್ದೇವೆ ಅಂತ ಹೇಳಿ ಇದ್ದವರನ್ನೂ ದೂಡಿದರೆ ಜಾಸ್ತಿ ಆಗುತ್ತೇವಾ? ಆ ಮಗು ನಮ್ಮ ಗದ್ದೆ ಯಾವುದು ಅಂತ ಕೇಳಿದೆ. ಐನ್‌ಮನೆಗೆ ವರ್ಷಕ್ಕೊಮ್ಮೆಯೂ ಬಾರದ ಎಷ್ಟು ಮಕ್ಕಳು ಹಾಗೆ ಕೇಳುತ್ತಾರೆ?

ದೇವರ ವಿಷಯಕ್ಕೆ ಬಂದರೆ, ನಿಮ್ಮ ಕಡೆಯೇ ದೇವರಪುರದಲ್ಲಿ ಕುಂಡೆ ಹಬ್ಬ ಆಗುತ್ತದೆ. ಜೇನುಕುರುಬರು, ಯರವರು ವೇಷ ಹಾಕಿ, ಡಬ್ಬ ಬಡಿಯುತ್ತಾ ದೇವರನ್ನೇ ಬೈಯುತ್ತಾರೆ. ಆಮೇಲೆ ಅದೇ ದೇವರಿಗೆ ಹರಕೆ ಒಪ್ಪಿಸಿ ಮನೆಗೆ ಹೋಗುತ್ತಾರೆ. ನಂಬಿಕೆ ಅಂದರೆ ಇಷ್ಟೇ, ಹೀಗೇ ಅಂತ ಈ ಜಿಲ್ಲೆಯಲ್ಲಿ ಯಾವತ್ತೂ ಇರಲಿಲ್ಲ.

ಹೊಳೆಬದಿ (ಮೂರ್ನಾಡು)

ನಾನು ಕೊಡವ, ಐನ್‌ಮನೆ ಇದೆ, ಒಕ್ಕ ಇದೆ. ದೇವರಿಲ್ಲ ಅಂತ ಕಾಲೇಜಿನಲ್ಲೇ ತೀರ್ಮಾನ ಮಾಡಿದೆ. ಮನೆಯಲ್ಲೂ ಹೇಳಿದೆ.

ಮೊದಮೊದಲು ಎಲ್ಲದರಿಂದ ದೂರ ನಿಂತೆ. ಆಮೇಲೆ ಒಂದು ದಾರಿ ಸಿಕ್ಕಿತು. ಕೆಲಸ ಹಿಡಿಯುವುದು. ಕೈಲ್‌ಪೊಳ್ದ್‌ಗೆ ಕೋವಿಗಳನ್ನು ಎಣ್ಣೆ ಹಾಕಿ ಒರೆಸಿ ಸಾಲಾಗಿ ಇಡುವುದು ನನ್ನ ಕೆಲಸ, ಕೋವಿಗೆ ಇಡುವ ತೋಕ್ ಪೂ ಹೂವು ತರುವುದೂ ನಾನೇ. ಪೂಜೆ ಶುರುವಾಗುವಾಗ ಹಂದಿ ಬೇಯುವ ಒಲೆ ಹತ್ತಿರ ಇರುತ್ತೇನೆ. ಈಗ ಯಾರೂ "ಇವನು ಯಾಕೆ ಕೈ ಮುಗಿಯಲಿಲ್ಲ" ಅಂತ ಕೇಳುವುದಿಲ್ಲ. ನಾನು ಇಲ್ಲದಿದ್ದರೆ "ಕೋವಿ ಯಾರು ಒರೆಸುತ್ತಾರೆ" ಅಂತ ಕೇಳುತ್ತಾರೆ.

ಒಂದೇ ಒಂದು ಸಲ ಕಷ್ಟವಾಯಿತು. ಅಪ್ಪ ಹೋಗುವ ಹೊತ್ತು. ನಿಮಗೆಲ್ಲ ಗೊತ್ತಿರುವಂತೆ ತಲಕಾವೇರಿಯ ತೀರ್ಥ ಮನೆಯಲ್ಲಿ ಇಟ್ಟಿರುತ್ತಾರೆ, ಕೊನೆಯ ಹೊತ್ತಿಗೆ ಬಾಯಿಗೆ ಬಿಡುತ್ತಾರೆ. ಅವ್ವ ನನ್ನ ಕೈಗೆ ಕೊಟ್ಟಳು. ನಾನು ಬಿಟ್ಟೆ. ನನ್ನ ನಂಬಿಕೆಗೆ ಅಲ್ಲಿ ಕೆಲಸ ಇರಲಿಲ್ಲ. ಸಾಯುತ್ತಿದ್ದದ್ದು ಅಪ್ಪ, ನಂಬಿಕೆ ಅಪ್ಪನದು, ನಾನು ಮಗ. ಕೆಲವು ನಾಸ್ತಿಕ ಗೆಳೆಯರು ಇದನ್ನು ರಾಜಿ ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಅದೇ ಅವ್ವ ನನ್ನ ಮದುವೆಯಲ್ಲಿ "ಇವನಿಗೆ ಬೇಡದ್ದು ಮಾಡಿಸಬೇಡಿ" ಅಂತ ಎಲ್ಲರ ಎದುರು ಹೇಳಿದ್ದಳು.

ಕಾಫಿಹೂವು, ನಿಮ್ಮ ಕಷ್ಟ ನನ್ನದಕ್ಕಿಂತ ದೊಡ್ಡದು ಅಂತ ಗೊತ್ತು. ಕೆಲಸ ಹಿಡಿಯಲು ಮೊದಲು ಯಾರಾದರೂ ಅಂಗಳಕ್ಕೆ ಕರೆಯಬೇಕು. ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ತಂಡ ಕಟ್ಟುವುದು ಒಕ್ಕದ ಹೆಸರಲ್ಲೇ. ಮದುವೆ ಹಾಲ್ ಬೇಕಾದರೆ ಕೊಡವ ಸಮಾಜ, ಗೌಡ ಸಮಾಜ. ನಮ್ಮಲ್ಲಿ ಮನುಷ್ಯನಿಗೆ ವಿಳಾಸವೇ ಅದು.

ಕರಿಕೋಟು (ಮಡಿಕೇರಿ)

ವಕೀಲಿ ಮಾಡುವವನು. ಮನಸ್ಸಿನ ವಿಷಯಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ಕಾಗದದ ವಿಷಯ ಹೇಳುತ್ತೇನೆ, ಯಾಕೆಂದರೆ ಇಂಥ ಮನೆಗಳಲ್ಲಿ ಇದು ಗೊತ್ತಿಲ್ಲದೆ ಆಮೇಲೆ ತೊಂದರೆ ಆಗುತ್ತದೆ.

ಸಂವಿಧಾನದ 25ನೇ ವಿಧಿ ಧರ್ಮ ಆಚರಿಸುವ ಹಕ್ಕಿನ ಜೊತೆಗೆ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಕೊಡುತ್ತದೆ. ಧರ್ಮ ಇಲ್ಲ ಅನ್ನುವುದೂ ಅದರೊಳಗೇ ಬರುತ್ತದೆ. 2014ರಲ್ಲಿ ಬಾಂಬೆ ಹೈಕೋರ್ಟ್ ಇದನ್ನೇ ಸ್ಪಷ್ಟವಾಗಿ ಹೇಳಿತು. ತನಗೆ ಧರ್ಮವಿಲ್ಲ ಅಂತ ಹೇಳಿಕೊಳ್ಳುವ ಹಕ್ಕು ಮನುಷ್ಯನಿಗೆ ಇದೆ, ಯಾವುದಾದರೂ ಒಂದು ಧರ್ಮ ಬರೆಯಲೇಬೇಕು ಅಂತ ಸರ್ಕಾರ ಒತ್ತಾಯಿಸುವಂತಿಲ್ಲ ಅಂತ. 2019ರಲ್ಲಿ ತಮಿಳುನಾಡಿನ ತಿರುಪತ್ತೂರಿನ ವಕೀಲೆ ಸ್ನೇಹಾ ಅವರು ಜಾತಿ ಇಲ್ಲ, ಧರ್ಮ ಇಲ್ಲ ಅನ್ನುವ ಪ್ರಮಾಣಪತ್ರವನ್ನೇ ಪಡೆದರು. ಅವರ ತಂದೆ ತಾಯಿಯೂ ಫಾರ್ಮುಗಳಲ್ಲಿ ಆ ಕಾಲಮ್ ಖಾಲಿ ಬಿಡುತ್ತಿದ್ದವರು.

ಶಾಲೆಯ ವಿಷಯ. 28ನೇ ವಿಧಿಯ ಮೂರನೇ ಭಾಗ ಓದಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು.

ಇನ್ನು ಆಸ್ತಿ. ನಿಮ್ಮ ತಂದೆ ತಾಯಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗಿರಬೇಕು. ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಿಭಕ್ತ ಕುಟುಂಬದ ಹಿಂದೂ ಸದಸ್ಯ ಹಾಗೆ ಮದುವೆ ಆದರೆ ಕಾನೂನಿನ ಕಣ್ಣಿನಲ್ಲಿ ಆ ಕುಟುಂಬದಿಂದ ಬೇರೆಯಾದಂತೆ. 1976ರ ತಿದ್ದುಪಡಿ ಬಂದಮೇಲೆ ಇಬ್ಬರೂ ಹಿಂದೂಗಳಾದರೆ ಇದು ಅನ್ವಯಿಸುವುದಿಲ್ಲ, ಆದರೆ ನಿಮ್ಮ ತಾಯಿ ಕ್ರೈಸ್ತರು. ಬೇರೆಯಾದರೂ ಆಸ್ತಿಯ ಹಕ್ಕು ಹೋಗುವುದಿಲ್ಲ. ಅವರ ಸ್ವತ್ತಿಗೂ ನಿಮ್ಮ ಸ್ವತ್ತಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ, ಅದರಲ್ಲಿ ಮಗ ಮಗಳು ಅಂತ ಭೇದ ಇಲ್ಲ. ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ) ಇದ್ದರೆ ದಾಖಲೆ ನೋಡದೆ ಯಾರ ಮಾತನ್ನೂ ನಂಬಬೇಡಿ.

ಕಾನೂನು ಹೇಳುವ ಬೇರೆಯಾಗುವುದು ಆಸ್ತಿಯ ಲೆಕ್ಕ ಮಾತ್ರ. ಪುತ್ತರಿಗೆ ಕರೆಯಬಾರದು ಅಂತ ಯಾವ ಸೆಕ್ಷನ್ನೂ ಹೇಳುವುದಿಲ್ಲ.

ಪ್ರಶ್ನೆಗಾರ (ಮಡಿಕೇರಿ)

ಕರಿಕೋಟು ಅವರ ಮಾತಿಗೆ ಒಂದು ಸಂಖ್ಯೆ ಸೇರಿಸುತ್ತೇನೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರು ಅನ್ನುವ ಸಾಲಿನಲ್ಲಿ ಸುಮಾರು 28.7 ಲಕ್ಷ ಜನ ಇದ್ದರು. ಇವರೆಲ್ಲ ನಾಸ್ತಿಕರು ಅಂತ ಅಲ್ಲ. ಆದರೆ ಆ ಕಾಲಮ್ ತುಂಬದೆಯೂ ಬದುಕು ನಡೆಯುತ್ತದೆ ಅಂತ ಮಗಳಿಗೆ ಹೇಳಬಹುದು.

ಹಾರಂಗಿ (ಸೋಮವಾರಪೇಟೆ)

@ಪ್ರಶ್ನೆಗಾರ ಸರ್, ನೀವು ಮೊದಲು ಬರೆದ ಉತ್ತರಕ್ಕೆ ನನ್ನ ತಕರಾರು ಇದೆ. ಹಬ್ಬ, ಜನ, ಊಟ ಇವೆಲ್ಲ ಬೇಡ ಅಂತ ದೊಡ್ಡ ನಾಸ್ತಿಕರು ಯಾರೂ ಹೇಳಲಿಲ್ಲ. ಆಂಧ್ರದ ಗೋರಾ ಅವರನ್ನು ನೋಡಿ. 1940ರಲ್ಲಿ ನಾಸ್ತಿಕ ಕೇಂದ್ರ ಶುರು ಮಾಡಿದವರು. ಅವರು ಬರೀ ಭಾಷಣ ಮಾಡಿಕೊಂಡು ಕೂರಲಿಲ್ಲ. ಎಲ್ಲ ಜಾತಿಯವರನ್ನು ಒಟ್ಟಿಗೆ ಕೂರಿಸಿ ಊಟ ಹಾಕಿಸಿದರು. ಮಗಳ ಮದುವೆಯನ್ನು ದಲಿತ ಹುಡುಗನ ಜೊತೆ 1948ರಲ್ಲಿ ಸೇವಾಗ್ರಾಮದಲ್ಲಿ ಮಾಡಿದರು. ಗಾಂಧೀಜಿ ತಾವೇ ನಿಂತು ಮಾಡಿಸಲು ಒಪ್ಪಿದ್ದರು, ಅಷ್ಟರಲ್ಲಿ ಅವರ ಕೊಲೆ ಆಯಿತು. ದೇವರನ್ನು ಬಿಟ್ಟವನು ಜನರನ್ನು ಇನ್ನೂ ಹತ್ತಿರ ಎಳೆದುಕೊಳ್ಳಬೇಕು ಅಂತ ಅವರಿಗೆ ಗೊತ್ತಿತ್ತು.

ನಮ್ಮಲ್ಲೇ ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಮಾಡಿದರು. ಪುರೋಹಿತರಿಲ್ಲ, ಆಡಂಬರ ಇಲ್ಲ. ಅದರಲ್ಲಿ ಉಪನಿಷತ್ತಿನ ಮಾತುಗಳೂ ಇವೆ, ಹಾಗಾಗಿ ಅದು ಪೂರ್ತಿ ನಾಸ್ತಿಕರ ಮದುವೆ ಅಲ್ಲ. ಆದರೆ ಅವರು ಹಳೆಯದನ್ನು ತೆಗೆದು ಜಾಗ ಖಾಲಿ ಬಿಡಲಿಲ್ಲ. ಅಲ್ಲಿ ಇನ್ನೊಂದನ್ನು ಇಟ್ಟರು. ನನಗೆ ಅದೇ ಮುಖ್ಯ ಅನಿಸುತ್ತದೆ. ಕಾಫಿಹೂವು ಅವರ ಮನೆಯಲ್ಲಿ ಹಳೆಯದು ಇರಲಿಲ್ಲ, ಹೊಸದನ್ನೂ ಯಾರೂ ಇಡಲಿಲ್ಲ. ಮಾದ ಬೇಡ ಅನ್ನುವುದು ಸರಿ. ಆದರೆ ಮಾದದ ಜಾಗದಲ್ಲಿ ಒಂದು ದಿನ ಬೇಕಿತ್ತು. ಇಂಥ ದಿನ ಬನ್ನಿ ಅಂತ ನಾಲ್ಕು ಜನಕ್ಕೆ ಹೇಳುವ ದಿನ.

ಪ್ರಶ್ನೆಗಾರ (ಮಡಿಕೇರಿ)

@ಹಾರಂಗಿ, ಈ ಮಾತು ಒಪ್ಪುತ್ತೇನೆ.

ನೆಲದಮಗ (ಪೊನ್ನಂಪೇಟೆ)

ನಾನು ಒಪ್ಪುವುದಿಲ್ಲ. ಹೊಸದಾಗಿ ಮಾಡಿದ ದಿನಕ್ಕೆ ಬೇರು ಇರುವುದಿಲ್ಲ, ಮುಂದಿನ ತಲೆಮಾರಿಗೆ ಉಳಿಯುವುದಿಲ್ಲ. ಆದರೆ ಕಾಫಿಹೂವು ಅವರ ತಂದೆಯ ಒಕ್ಕದವರು ಆ ಮಗುವನ್ನು ಕರೆಯದಿದ್ದರೆ ಅದು ಸರಿ ಅಲ್ಲ. ಅದನ್ನು ನಾನೂ ಹೇಳುತ್ತೇನೆ.

ಕಾಫಿಹೂವು (ಗೋಣಿಕೊಪ್ಪ)

ಎಲ್ಲರ ಉತ್ತರವನ್ನೂ ಅಮ್ಮನಿಗೆ ಓದಿ ಹೇಳಿದೆ. ಹಾರಂಗಿ ಅವರು ಬರೆದದ್ದು ಕೇಳಿ ಅಮ್ಮ, "ನಿನ್ನಪ್ಪ ಕ್ರಿಯೆ ಬೇಡ ಅಂದರು, ಜನ ಬೇಡ ಅನ್ನಲಿಲ್ಲ" ಅಂದರು.

ಮಾರ್ಚ್ ಎರಡನೇ ಭಾನುವಾರ ಅಂತ ಗೊತ್ತು ಮಾಡಿದ್ದೇವೆ. ಆ ಹೊತ್ತಿಗೆ ಕಾಫಿ ಕೊಯ್ಲು ಹೆಚ್ಚುಕಡಿಮೆ ಮುಗಿದಿರುತ್ತದೆ, ಜನಕ್ಕೆ ಬಿಡುವು ಇರುತ್ತದೆ. ಅಪ್ಪನ ಹೆಸರಿನಲ್ಲಿ ಮನೆಯಲ್ಲಿ ಊಟ. ಪೂಜೆ ಇಲ್ಲ, ಭಾಷಣ ಇಲ್ಲ. ಅಪ್ಪನ ಬಗ್ಗೆ ಹೇಳುವುದಿದ್ದವರು ಹೇಳಬಹುದು. ಪ್ರತಿ ವರ್ಷ ಅದೇ ಭಾನುವಾರ. ಬೇರು ಬಿಡುತ್ತದೋ ಇಲ್ಲವೋ ನೋಡೋಣ @ನೆಲದಮಗ, ನೀವೂ ಬನ್ನಿ. ನಿಜವಾಗಿ ಕರೆಯುತ್ತಿದ್ದೇನೆ.

ಒಕ್ಕದ ಪಟ್ಟೇದಾರರಿಗೆ ಅಮ್ಮನೇ ಫೋನ್ ಮಾಡುತ್ತಾರಂತೆ. ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಶಾಲೆಯ ಫಾರ್ಮಿನಲ್ಲಿ ನಾವು ಖಾಲಿ ಬಿಟ್ಟ ಜಾಗದಲ್ಲಿ ಆಫೀಸಿನವರು ತಾವೇ ಏನೋ ತುಂಬಿದ್ದರು. ಅದನ್ನು ತಿದ್ದಿ "ಧರ್ಮ ಇಲ್ಲ" ಅಂತ ಬರೆಯಿರಿ ಅಂತ ಅರ್ಜಿ ಕೊಡುತ್ತೇನೆ.

@ಜೇನುಗೂಡು ಅವ್ವ, ಪುತ್ತರಿಗೆ ಬರುತ್ತೇವೆ. ಮಗಳು ಈಗಲೇ ಕುಣಿಯುತ್ತಿದ್ದಾಳೆ. ಕೈ ಮುಗಿಯಬೇಕಾ ಅಂತ ಕೇಳಿದಳು. ನಿನಗೆ ಅನಿಸಿದರೆ ಮುಗಿ, ಇಲ್ಲದಿದ್ದರೆ ಸುಮ್ನೆ ನೇರ ನಿಂತಿರು, ನಗಬೇಡ, ಮಾತಾಡಬೇಡ ಅಂತ ಹೇಳಿದ್ದೇನೆ.

ಹೆಸರು_ಬೇಡ

ಊಟ ಅಂದರೆ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಟೀಚರ್ ಮನೆಗೆ ಹೋಗುತ್ತೇನೆ ಅಂದರೆ ಸಾಕು. ನಾನು ಬರಬಹುದಾ?

ಕಾಫಿಹೂವು (ಗೋಣಿಕೊಪ್ಪ)

ಬನ್ನಿ. ಹಂದಿ ಮಾಡುವುದಿಲ್ಲ, ಎಲ್ಲರಿಗೂ ಆಗುವ ಊಟ. ಇಲ್ಲಿ ಬರೆದದ್ದು ನೀವೇ ಅಂತ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಜೇನುಗೂಡು (ಕಕ್ಕಬ್ಬೆ)

ಕಡಂಬಿಟ್ಟು (ಅಕ್ಕಿ ಉಂಡೆ) ಬೇಯಿಸಲು ದೊಡ್ಡ ಪಾತ್ರೆ ಬೇಕಾದರೆ ನಮ್ಮಲ್ಲಿದೆ, ಮಾರ್ಚ್‌ಗೆ ಮೊದಲೇ ಜೀಪಿನಲ್ಲಿ ಕಳಿಸುತ್ತೇನೆ. ಪುತ್ತರಿಗೆ ಕತ್ತಲಾಗುವ ಮೊದಲೇ ಬನ್ನಿ, ನಮ್ಮ ರಸ್ತೆ ಸರಿ ಇಲ್ಲ. ಮಗುವಿಗೆ ಸ್ವೆಟರ್ ತನ್ನಿ, ಗದ್ದೆಯಲ್ಲಿ ಚಳಿ ಜೋರಾಗಿರುತ್ತದೆ. ಕದಿರು ಹೊತ್ತು ಬರುವಾಗ ನಾವೆಲ್ಲ "ಪೊಲಿ ಪೊಲಿ ದೇವಾ" ಅಂತ ಕೂಗುತ್ತೇವೆ. ಅವಳಿಗೆ ಬರೀ "ಪೊಲಿ ಪೊಲಿ" ಅಂತ ಕೂಗಬೇಕು ಅನಿಸಿದರೆ ಹಾಗೇ ಕೂಗಲಿ.